ಚಂಡಮಾರುತದ ಪಥ ಮುನ್ಸೂಚನೆ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಲ್ಲಿ ಕುಮುದ್ವತಿ ನದಿಗೆ ಜಲಾಶಯವನ್ನು ನಿರ್ಮಿಸಲಾಗಿದೆ. ಅರಬ್ಬೀ ಸಮುದ್ರವು ಇಲ್ಲಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿದ್ದು, ನಡುವೆ ಪಶ್ಚಿಮ ಘಟ್ಟವಿದೆ. ಆದುದರಿಂದ ಚಂಡಮಾರುತದ ಗಾಳಿಯು ಪೂರ್ಣ ಬಲದೊಂದಿಗೆ ಈ ಭಾಗವನ್ನು ತಲುಪುವುದು ವಿರಳ. ಆದರೆ ಅದರ ಮಳೆ ತಲುಪುತ್ತದೆ. ಭಾರತದ ಸುತ್ತಲಿನ ಸಮುದ್ರಗಳಲ್ಲಿ ಚಂಡಮಾರುತಗಳು ಮುಖ್ಯವಾಗಿ ಮುಂಗಾರಿಗೆ ಮೊದಲು ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಉಂಟಾಗುತ್ತವೆ. ಎರಡನೆಯ ಅವಧಿಯು ಮೆಕ್ಕೆಜೋಳ ಹಾಗೂ ಭತ್ತದ ಕೊಯ್ಲು ಮತ್ತು ಅಡಿಕೆ ಒಣಗಿಸುವ ಕಾಲವೂ ಆಗಿರುವುದರಿಂದ, ಪಥದ ನಕ್ಷೆಯನ್ನು ಸರಿಯಾಗಿ ಅರಿಯುವುದು ರೈತರಿಗೆ ಅಗತ್ಯವಾಗಿದೆ.

ಚಂಡಮಾರುತ ಎಂದರೇನು?

ಬೆಚ್ಚಗಿನ ಸಮುದ್ರದ ಮೇಲೆ ವಾಯುಭಾರ ಕುಸಿದು, ಗಾಳಿಯು ಸುಳಿಯಂತೆ ತಿರುಗುತ್ತಾ ಗಂಟೆಗೆ 62 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ವೇಗವನ್ನು ಪಡೆದಾಗ, ಭಾರತ ಹವಾಮಾನ ಇಲಾಖೆಯು ಅದನ್ನು ಚಂಡಮಾರುತವೆಂದು ಘೋಷಿಸಿ ಹೆಸರು ನೀಡುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ ತೀವ್ರಗೊಂಡ ಇಂತಹುದೇ ಸುಳಿಗಾಳಿಯನ್ನು ಹರಿಕೇನ್ ಎಂದು ಕರೆಯುತ್ತಾರೆ.

ಪಥವನ್ನು ಲೆಕ್ಕ ಹಾಕುವ ವಿಧಾನ

ಹರಿಯುವ ನೀರು ಎಲೆಯನ್ನು ಒಯ್ಯುವಂತೆ, ಸುತ್ತಲಿನ ವಾತಾವರಣದ ವಿಶಾಲ ಗಾಳಿಯ ಹರಿವು ಚಂಡಮಾರುತವನ್ನು ಒಯ್ಯುತ್ತದೆ. ಈ ಹರಿವನ್ನು ಮುಂಚಿತವಾಗಿ ತಿಳಿಯಲು ಕಂಪ್ಯೂಟರ್ ಮಾದರಿಗಳನ್ನು ಬಳಸಲಾಗುತ್ತದೆ. ಉಪಗ್ರಹ, ರಾಡಾರ್, ಹಡಗು, ಸಮುದ್ರದ ತೇಲುಮಾಪಕ ಹಾಗೂ ಹವಾಮಾನ ಬಲೂನುಗಳಿಂದ ಮಾಹಿತಿ ಸಂಗ್ರಹಿಸಲಾಗುತ್ತದೆ. ವಾತಾವರಣವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಒತ್ತಡ, ಉಷ್ಣಾಂಶ, ತೇವಾಂಶ ಮತ್ತು ಗಾಳಿಯ ಬದಲಾವಣೆಯನ್ನು ಸೂಪರ್ ಕಂಪ್ಯೂಟರ್‌ಗಳು ಲೆಕ್ಕ ಹಾಕುತ್ತವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ರೂಪಿಸಿದ, 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಮಾದರಿಯಲ್ಲಿ ಚೌಕದ ಅಳತೆ ಸುಮಾರು 6 ಕಿ.ಮೀ. ಇರುತ್ತದೆ.

ಆರಂಭಿಕ ಮಾಹಿತಿಯಲ್ಲಿನ ಅಲ್ಪ ವ್ಯತ್ಯಾಸವೂ ದಿನ ಕಳೆದಂತೆ ದೊಡ್ಡದಾಗುತ್ತದೆ. ಆದ್ದರಿಂದ ಹಲವು ಮಾದರಿಗಳ ಫಲಿತಾಂಶಗಳನ್ನು ಹೋಲಿಸಿ, ತಜ್ಞರು ಅಂತಿಮ ಪಥವನ್ನು ನಿರ್ಧರಿಸುತ್ತಾರೆ. 2012ರಲ್ಲಿ ಅಟ್ಲಾಂಟಿಕ್‌ನ 'ಸ್ಯಾಂಡಿ' ಹರಿಕೇನ್ ಅಮೆರಿಕದ ತೀರದತ್ತ ತಿರುಗುವುದೆಂದು ಯುರೋಪಿನ ಮಾದರಿಯು ಹಲವು ದಿನ ಮೊದಲೇ ತೋರಿಸಿತ್ತು. ಅಮೆರಿಕದ ಮಾದರಿಯು ಆರಂಭದಲ್ಲಿ ಅದು ಸಾಗರದತ್ತ ಸರಿಯುವುದೆಂದು ತೋರಿಸಿತ್ತು. ಒಂದೇ ಮಾದರಿಯನ್ನು ಅವಲಂಬಿಸದಿರಲು ಇದೇ ಕಾರಣ.

ನಕ್ಷೆಯನ್ನು ಓದುವ ಕ್ರಮ

1. ನಕ್ಷೆಯ ನಡುಗೆರೆಯು ಚಂಡಮಾರುತದ ಕೇಂದ್ರವು ಸಾಗಬಹುದಾದ ಮಾರ್ಗವನ್ನು ಮಾತ್ರ ಸೂಚಿಸುತ್ತದೆ.

2. ಗೆರೆಯ ಸುತ್ತ ಮುಂದೆ ಹೋದಂತೆ ಅಗಲವಾಗುವ ಶಂಕುವಿನಾಕಾರದ ಪ್ರದೇಶವು ಮುನ್ಸೂಚನೆಯ ಅನಿಶ್ಚಿತತೆಯನ್ನು ಸೂಚಿಸುತ್ತದೆ. ಹವಾಮಾನ ಇಲಾಖೆಯು ಇದನ್ನು 2009ರಿಂದ ನೀಡುತ್ತಿದೆ.

3. ಶಂಕುವಿನ ಅಗಲವು ಮಳೆಯ ವ್ಯಾಪ್ತಿಯಲ್ಲ. ಶಂಕುವಿನ ಹೊರಗಿರುವ ಊರುಗಳಲ್ಲಿಯೂ ಭಾರೀ ಮಳೆಯಾಗಬಹುದು.

ಮೂರನೆಯ ಅಂಶವು ಈ ತಾಲ್ಲೂಕುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಉತ್ತರಾರ್ಧಗೋಳದಲ್ಲಿ ಚಂಡಮಾರುತದ ಗಾಳಿಯು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಕೇಂದ್ರವು ಕರಾವಳಿಯ ವಾಯವ್ಯಕ್ಕಿದ್ದಾಗ ತೇವಭರಿತ ಗಾಳಿಯು ಸಮುದ್ರದಿಂದ ಘಟ್ಟದ ಕಡೆಗೆ ಬೀಸಿ, ಮೇಲೇರಿ ಮಳೆ ಸುರಿಸುತ್ತದೆ. 2021ರ ಮೇ 17ರ ರಾತ್ರಿ 'ತೌಕ್ತೆ' ಚಂಡಮಾರುತವು ಗುಜರಾತಿನ ಸೌರಾಷ್ಟ್ರ ತೀರವನ್ನು ದಾಟಿತು. ಆ ಸ್ಥಳವು ಕಾರವಾರದಿಂದ 700 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಆದರೂ ಅದು ಸಾಗಿದ ಹಾದಿಯಲ್ಲಿ ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಯಾಗಿ, ರಾಜ್ಯದಲ್ಲಿ ಜೀವಹಾನಿಯೂ ಸಂಭವಿಸಿತು. 2019ರ ಅಕ್ಟೋಬರ್‌ನ 'ಕ್ಯಾರ್' ಭಾರತದ ತೀರವನ್ನು ಮುಟ್ಟದೆ ಪಶ್ಚಿಮಕ್ಕೆ ತಿರುಗಿತಾದರೂ ರಾಜ್ಯದ ಕರಾವಳಿಗೆ ಮಳೆ ತಂದಿತು.

ಆದ್ದರಿಂದ ಗೆರೆಯು ದೂರದಲ್ಲಿದೆ ಎಂಬ ಕಾರಣಕ್ಕೆ ಕೊಯ್ದ ಬೆಳೆಯನ್ನು ಬಯಲಿನಲ್ಲಿ ಬಿಡುವುದು ಸೂಕ್ತವಲ್ಲ. ಪಥದ ನಕ್ಷೆಯೊಂದಿಗೆ ಜಿಲ್ಲಾವಾರು ಮಳೆ ಎಚ್ಚರಿಕೆಯನ್ನೂ ತಪ್ಪದೆ ನೋಡತಕ್ಕದ್ದು.

ಎಚ್ಚರಿಕೆಯ ಬಣ್ಣಗಳು

ಹಸಿರು: ಎಚ್ಚರಿಕೆ ಇಲ್ಲ.
ಹಳದಿ: ಗಮನವಿರಲಿ. ಪ್ರತಿದಿನ ಮುನ್ಸೂಚನೆಯನ್ನು ನೋಡುವುದು.
ಕಿತ್ತಳೆ: ಸಿದ್ಧರಾಗಿರಿ. ಕೊಯ್ಲು ಮುಂದೂಡುವುದು, ಒಣಹಾಕಿದ ಬೆಳೆಯನ್ನು ಸೂರಿನಡಿ ಸಾಗಿಸುವುದು.
ಕೆಂಪು: ಕೂಡಲೇ ಕ್ರಮ ಕೈಗೊಳ್ಳಿ. ನದಿ, ಹಳ್ಳ ಹಾಗೂ ಕೆರೆಕೋಡಿಗಳಿಂದ ದೂರವಿರುವುದು.

24 ಗಂಟೆಗಳಲ್ಲಿ 64.5 ರಿಂದ 115.5 ಮಿ.ಮೀ. ಮಳೆಯನ್ನು 'ಭಾರೀ', 204.4 ಮಿ.ಮೀ.ವರೆಗಿನದನ್ನು 'ಅತಿ ಭಾರೀ' ಎಂದು ವರ್ಗೀಕರಿಸಲಾಗಿದೆ. ಹವಾಮಾನ ಇಲಾಖೆಯ 'ಮೌಸಮ್' ಹಾಗೂ ರೈತರಿಗಾಗಿ ಇರುವ 'ಮೇಘದೂತ್' ಮೊಬೈಲ್ ಆ್ಯಪ್‌ಗಳಲ್ಲಿ ಮಾಹಿತಿ ದೊರೆಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಮಳೆಯ ವಿವರ ಸಂಗ್ರಹಿಸುತ್ತದೆ.

ನಷ್ಟ ಉಂಟಾದಲ್ಲಿ

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ, ಕೊಯ್ಲಿನ ನಂತರ ಒಣಗಲು ಹೊಲದಲ್ಲಿಯೇ ಹರಡಿದ ಅಧಿಸೂಚಿತ ಬೆಳೆಯು 14 ದಿನಗಳೊಳಗೆ ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಯಿಂದ ಹಾನಿಗೊಂಡರೆ, ವಿಮೆ ಮಾಡಿಸಿದ ರೈತರು ಪರಿಹಾರ ಕೋರಬಹುದು. ಹಾನಿಯಾದ 72 ಗಂಟೆಗಳೊಳಗೆ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಿಳಿಸುವುದು ಕಡ್ಡಾಯ. ಸಹಾಯವಾಣಿ: 14447. ಮನೆ ಅಥವಾ ಜಾನುವಾರು ಹಾನಿಯ ಬಗ್ಗೆ ಗ್ರಾಮ ಆಡಳಿತ ಅಧಿಕಾರಿ ಅಥವಾ ತಹಶೀಲ್ದಾರರ ಕಚೇರಿಗೆ ಅರ್ಜಿ ಸಲ್ಲಿಸುವುದು. ತುರ್ತು ಸಂದರ್ಭದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ ಶುಲ್ಕರಹಿತ ದೂರವಾಣಿ ಸಂಖ್ಯೆ 1077ಕ್ಕೆ ಕರೆ ಮಾಡಬಹುದು.