ದಿವಾಳಿಯ ದಫ್ತರ

ಯಾದಗಿರಿ, ಶಹಾಪುರ, ಸುರಪುರದ ಪೇಟೆಗಳಲ್ಲಿ ‘ದಿವಾಳಿ’ ಎಂಬ ಹೆಸರು ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡದು. ಬಾಯಿಮಾತಿನ ದಿವಾಳಿ ಬೇರೆ, ಕಾನೂನಿನದು ಬೇರೆ. 1920ರ ಪ್ರಾಂತೀಯ ದಿವಾಳಿ ಕಾಯಿದೆಯಂತೆ ಕೋರ್ಟು ಒಬ್ಬನನ್ನು ದಿವಾಳಿ ಎಂದು ಘೋಷಿಸಿದರೆ ಅವನ ಹೆಸರು, ವಿಳಾಸ, ಆದೇಶದ ದಿನಾಂಕ ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚಾಗಬೇಕು. ಹುಡುಕುವವರಿಗೆ ಅದು ಮೊದಲ ಸುಳಿವು ಮಾತ್ರ. ಘೋಷಣೆ ಆಮೇಲೆ ರದ್ದಾಗಿರಬಹುದು, ಸಾಲಗಾರನಿಗೆ ಬಿಡುಗಡೆಯ ಆದೇಶವೂ ಸಿಕ್ಕಿರಬಹುದು. ಕಡತದ ಕೊನೆಯ ಆದೇಶದ ದೃಢೀಕೃತ ನಕಲು ನೋಡದೆ ಯಾರನ್ನೂ ದಿವಾಳಿ ಎನ್ನುವಂತಿಲ್ಲ.

ಕಡತ ಎಲ್ಲಿದೆ ಎಂಬುದೇ ತೊಡಕು. ಯಾದಗಿರಿ ಜಿಲ್ಲೆಯಾದದ್ದು 2010ರಲ್ಲಿ. ಅಲ್ಲಿಯವರೆಗೆ ಮೂರೂ ತಾಲ್ಲೂಕು ಗುಲ್ಬರ್ಗಕ್ಕೆ ಸೇರಿದ್ದವು. 1948ಕ್ಕೂ ಹಿಂದಿನವು ನಿಜಾಮರ ಆಡಳಿತದ ಕಾಗದಗಳು. ಕೋರ್ಟಿನ ಭಾಷೆ ಉರ್ದು, ಇಸವಿ ಫಸಲಿ: 1357 ಎಂದಿದ್ದರೆ ಅದು 1947-48.