ಮಾರ್ಕ್ಸ್ ಕಡಿಮೆ ಬಿದ್ದ ಒಂದು ಥೀಸಿಸ್

ನಮ್ಮ ಐಟಿ ಜನಕ್ಕೆ ಮೂವತ್ತು ದಾಟಿದ ಮೇಲೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತೆ. ಕೆಲವರಿಗೆ ಮ್ಯಾರಥಾನ್, ಕೆಲವರಿಗೆ ಎಂಬಿಎ. ಗಣಿತ ಸ್ವಲ್ಪ ಚೆನ್ನಾಗಿ ಬರುವವರಿಗೆ ಇನ್ನೊಂದಿದೆ: ಕ್ವಾಂಟಿಟೇಟಿವ್ ಫೈನಾನ್ಸ್‌ನಲ್ಲಿ ಮಾಸ್ಟರ್ಸ್. ಆ ಕೋರ್ಸುಗಳ ಸಿಲಬಸ್ ತೆಗೆದು ನೋಡಿ. ಸ್ಟೊಕ್ಯಾಸ್ಟಿಕ್ ಕ್ಯಾಲ್ಕುಲಸ್, ಆಪ್ಷನ್ ಪ್ರೈಸಿಂಗ್, ಪೋರ್ಟ್‌ಫೋಲಿಯೋ ಥಿಯರಿ. ಫೀಸು ನೋಡಿದರೆ ಎದೆ ಧಸಕ್ ಅನ್ನುತ್ತೆ, ಆದರೂ ಬ್ಯಾಂಕ್ ಲೋನ್ ಮಾಡಿ ಹೋಗುವವರಿಗೆ ಕಡಿಮೆ ಇಲ್ಲ. ಇಷ್ಟು ದುಡ್ಡು ಕೊಟ್ಟು ಕಲಿಯೋದು ನಿಜವಾಗಿ ಏನನ್ನು? ಇದಕ್ಕೆ ಉತ್ತರ ಬೇಕಾದರೆ ಈ ವಿಷಯ ವಿಶ್ವವಿದ್ಯಾಲಯದೊಳಗೆ ಹೇಗೆ ಬಂತು ಅಂತ ನೋಡಬೇಕು. ಅದು ಮುಂಬಾಗಿಲಿನಿಂದ ಬಂದದ್ದಲ್ಲ.

1870ರಲ್ಲಿ ಫ್ರಾನ್ಸಿನ ಬಂದರು ಊರು ಲ ಹಾವ್ರ್‌ನಲ್ಲಿ ಲೂಯಿ ಬಷೆಲಿಯೆ ಎಂಬ ಹುಡುಗ ಹುಟ್ಟಿದ. ಅಪ್ಪ ವೈನ್ ವ್ಯಾಪಾರಿ. ಶಾಲೆ ಮುಗಿಯುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ತೀರಿಹೋದರು. ಮನೆ ವ್ಯಾಪಾರ ಹುಡುಗನ ಹೆಗಲಿಗೆ ಬಿತ್ತು, ಆಮೇಲೆ ಸೇನೆಯ ಕಡ್ಡಾಯ ಸೇವೆ. ಓದೋಕೆ ಅಂತ ಪ್ಯಾರಿಸ್ಸಿಗೆ ಬಂದಾಗ 1892. ಒಳ್ಳೆ ಕಾಲೇಜಿನಿಂದ ನೇರವಾಗಿ ಬಂದ ಜಾಣರ ನಡುವೆ ಇವನೊಬ್ಬ ತಡವಾಗಿ ಬಂದ ಹಳ್ಳಿಗ ಅನ್ನಿ.

1900ರ ಮಾರ್ಚ್ 29ರಂದು ಸೊರ್ಬಾನ್‌ನಲ್ಲಿ ತನ್ನ ಡಾಕ್ಟರೇಟ್ ಥೀಸಿಸ್ ಮಂಡಿಸಿದ. ಹೆಸರು 'ಸಟ್ಟಾ ವ್ಯಾಪಾರದ ಸಿದ್ಧಾಂತ'. ಪರೀಕ್ಷಕರಲ್ಲಿ ಒಬ್ಬರು ಆ ಕಾಲದ ಗಣಿತದ ದೈತ್ಯ ಆನ್ರಿ ಪ್ವಾಂಕರೆ. ಗಣಿತದ ಥೀಸಿಸ್ ಅಂದರೆ ಜ್ಯಾಮಿತಿಯೋ, ಫಲನಗಳ ಸಿದ್ಧಾಂತವೋ ಇರಬೇಕಿದ್ದ ಕಾಲ ಅದು. ಇವನು ತಂದದ್ದು ಪ್ಯಾರಿಸ್ ಷೇರುಕಟ್ಟೆಯಲ್ಲಿ ಸರ್ಕಾರಿ ಬಾಂಡುಗಳ ಮೇಲೆ ನಡೆಯುತ್ತಿದ್ದ ಆಪ್ಷನ್ ವ್ಯಾಪಾರವನ್ನು.

ಆಪ್ಷನ್ ಅಂದರೆ ಗೊತ್ತಲ್ಲ? ಸೈಟಿಗೆ ಟೋಕನ್ ಅಡ್ವಾನ್ಸ್ ಕೊಟ್ಟ ಹಾಗೆ. ಮೂರು ತಿಂಗಳೊಳಗೆ ಇಂತಿಷ್ಟು ರೇಟಿಗೆ ತಗೊಳ್ಳುವ ಹಕ್ಕು ನಿಮ್ಮದು. ರೇಟು ಏರಿದರೆ ತಗೊಳ್ತೀರಿ, ಬಿದ್ದರೆ ಟೋಕನ್ ಹೋಯಿತು ಅಂತ ಬಿಡ್ತೀರಿ. ಆ ಟೋಕನ್ ಎಷ್ಟಿರಬೇಕು? ಬಷೆಲಿಯೆ ಹಿಡಿದ ಪ್ರಶ್ನೆ ಇದೇ.

ಉತ್ತರ ಹುಡುಕೋಕೆ ಅವನು ಎರಡು ಮಾತು ಹೇಳಿದ. ಒಂದು, ಯಾವುದೇ ಕ್ಷಣದಲ್ಲಿ ಒಂದು ರೇಟಿಗೆ ಕೊಳ್ಳುವವನೂ ಇದ್ದಾನೆ, ಮಾರುವವನೂ ಇದ್ದಾನೆ. ಏರುತ್ತೆ ಅನ್ನುವವರೂ ಇಳಿಯುತ್ತೆ ಅನ್ನುವವರೂ ಸಮ. ಹಾಗಾಗಿ ಸಟ್ಟಾ ಆಡುವವನ ನಿರೀಕ್ಷಿತ ಲಾಭ ಸೊನ್ನೆ. ಎರಡು, ಬೆಲೆ ಕುಡುಕನ ನಡಿಗೆಯ ಹಾಗೆ ಅತ್ತಿತ್ತ ಓಲಾಡುತ್ತಾ ಹೋಗುತ್ತೆ, ಆ ಓಲಾಟ ಕಾಲದ ವರ್ಗಮೂಲದಷ್ಟು ಹರಡುತ್ತೆ. ಅಂದರೆ ನಾಲ್ಕು ಪಟ್ಟು ಸಮಯ ಕಳೆದರೆ ಹರವು ಎರಡೇ ಪಟ್ಟು. ಕಬ್ಬಿಣದ ಸರಳಿನ ಒಂದು ತುದಿ ಕಾಯಿಸಿದರೆ ಶಾಖ ಹೇಗೆ ಹರಡುತ್ತೋ, ಅದೇ ಸಮೀಕರಣದಲ್ಲಿ ಬೆಲೆಯ ಸಾಧ್ಯತೆಗಳೂ ಹರಡುತ್ತವೆ ಅಂತ ತೋರಿಸಿದ. ಪರಾಗದ ಕಣಗಳ ಓಲಾಟದ ಬಗ್ಗೆ ಐನ್‌ಸ್ಟೈನ್ ಇದೇ ಬಗೆಯ ಗಣಿತ ಬರೆದದ್ದು ಐದು ವರ್ಷ ಆದಮೇಲೆ, 1905ರಲ್ಲಿ.

ಮೊದಲನೇ ಮಾತನ್ನು ನಮ್ಮ ಊರಿನ ಲೆಕ್ಕಕ್ಕೆ ಹಚ್ಚಿ ನೋಡಿ. ಸೊನ್ನೆ ಲಾಭದಲ್ಲಿ ಬ್ರೋಕರೇಜು, ತೆರಿಗೆ ಕಳೆದರೆ ಉಳಿಯೋದು ಮೈನಸ್ಸು. ಎದುರಿಗೆ ಕೂತವರು ನಿಮಗಿಂತ ಪಳಗಿದವರಾದರೆ ಇನ್ನೂ ಮೈನಸ್ಸು. ಸೆಬಿ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ದುಡ್ಡು ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮೊಬೈಲಿನಲ್ಲಿ ಹಸಿರು ಕೆಂಪು ಕಡ್ಡಿ ನೋಡ್ತಾ ಕೂರುವವರು ಒಂದು ಸಲ ಓದಬೇಕಾದ ಥೀಸಿಸ್ ಅದು.

ಪ್ವಾಂಕರೆಗೆ ಕೆಲಸ ಹಿಡಿಸಿತು. ವರದಿಯಲ್ಲಿ ಹೊಗಳಿದರು. ನಮ್ಮ ಅಭ್ಯರ್ಥಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವ ವಿಷಯಗಳಿಗಿಂತ ಇದು ಸ್ವಲ್ಪ ದೂರದ್ದು ಅಂತಲೂ ಬರೆದರು. ಇನ್ನೊಂದು ಮಾತು ಮುಖ್ಯ. ಸಂಭವನೀಯತೆಯ ಲೆಕ್ಕವನ್ನು ಎಲ್ಲೆಂದರಲ್ಲಿ ಅನ್ವಯಿಸಿ ಜನ ಎಡವಿದ್ದುಂಟು, ಆದರೆ ಈ ಲೇಖಕ ತನ್ನ ಲೆಕ್ಕ ಎಲ್ಲಿಯವರೆಗೆ ನಡೆಯುತ್ತೆ ಅನ್ನೋ ಗಡಿಯನ್ನು ತಾನೇ ಗುರುತಿಸೋಕೆ ನೋಡಿದ್ದಾನೆ ಅಂತ ಗಮನಿಸಿದರು. ಇಷ್ಟೆಲ್ಲ ಆಗಿಯೂ ಸಿಕ್ಕ ದರ್ಜೆ 'ಗೌರವಾರ್ಹ', ಅಷ್ಟೇ. ಮೇಲಿನ ದರ್ಜೆ 'ಅತ್ಯಂತ ಗೌರವಾರ್ಹ' ಸಿಗಲಿಲ್ಲ. ಆ ಒಂದು ವಿಶೇಷಣ ಇಲ್ಲದ್ದಕ್ಕೆ ಆ ಮನುಷ್ಯ ತೆತ್ತದ್ದು ಬಹಳ. ವರ್ಷಗಟ್ಟಲೆ ಕಾಯಂ ಹುದ್ದೆ ಇಲ್ಲ. ಮೊದಲ ಮಹಾಯುದ್ಧದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಬೇಕಾಯಿತು. ಆಮೇಲೆ ಬೆಸಾನ್ಸಾನ್, ದಿಜಾನ್, ರೆನ್ ಅಂತ ಊರೂರು ಸುತ್ತಿ, ಕೊನೆಗೆ 1927ರಲ್ಲಿ ಬೆಸಾನ್ಸಾನ್‌ನಲ್ಲಿ ಕಾಯಂ ಪ್ರೊಫೆಸರ್ ಆದಾಗ ವಯಸ್ಸು 57. 1946ರಲ್ಲಿ ತೀರಿಕೊಂಡ.

ಇದೇ ಕಥೆ ಅಟ್ಲಾಂಟಿಕ್ ದಾಟಿ ಇನ್ನೊಂದು ಸಲ ನಡೆಯಿತು. 1950ರ ದಶಕದಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಎಂಬ ವಿದ್ಯಾರ್ಥಿ ಅರ್ಥಶಾಸ್ತ್ರದ ಪಿಎಚ್‌ಡಿಗೆ ಷೇರುಗಳ ಮೇಲೆ ಥೀಸಿಸ್ ಬರೆದ. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಇಡಬೇಡ ಅನ್ನೋ ಅಜ್ಜಿ ಮಾತಿಗೆ ಗಣಿತದ ರೂಪ ಕೊಟ್ಟಿದ್ದ. ಒಂದೊಂದು ಷೇರಿನ ರಿಸ್ಕ್ ನೋಡಿದರೆ ಸಾಲದು, ಅವು ಒಟ್ಟಿಗೆ ಹೇಗೆ ಏರಿಳಿಯುತ್ತವೆ ಅಂತ ನೋಡಬೇಕು ಅನ್ನೋದು ಅದರ ಸಾರ. ಮೌಖಿಕ ಪರೀಕ್ಷೆಯಲ್ಲಿ ಮಿಲ್ಟನ್ ಫ್ರೀಡ್‌ಮನ್ ಅಡ್ಡಗಾಲು ಹಾಕಿದರು. ಗಣಿತದಲ್ಲಿ ತಪ್ಪಿಲ್ಲ, ಆದರೆ ಇದು ಅರ್ಥಶಾಸ್ತ್ರವೇ ಅಲ್ಲ, ಅರ್ಥಶಾಸ್ತ್ರದ ಡಾಕ್ಟರೇಟ್ ಹೇಗೆ ಕೊಡೋದು ಅಂತ. ಹುಡುಗನನ್ನು ಹೊರಗೆ ಕೂರಿಸಿ, ಕೊನೆಗೆ ಡಾಕ್ಟರೇಟ್ ಕೊಟ್ಟರು. 1990ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಆ ಸಂದರ್ಭದ ಉಪನ್ಯಾಸದಲ್ಲಿ ಮಾರ್ಕೊವಿಟ್ಜ್ ಈ ಘಟನೆ ನೆನೆದು, ಅಂದಿನ ಮಟ್ಟಿಗೆ ಫ್ರೀಡ್‌ಮನ್ ಹೇಳಿದ್ದು ಸರಿಯೇ ಇತ್ತು, ಈಗ ಅದು ಅರ್ಥಶಾಸ್ತ್ರದ ಭಾಗವಾಗಿದೆ ಅಂದರು. ದೊಡ್ಡ ಮನಸ್ಸು ಬಿಡಿ.

ಅಷ್ಟರಲ್ಲಿ ಬಷೆಲಿಯೆಗೂ ಎರಡನೇ ಜನ್ಮ ಸಿಕ್ಕಿತ್ತು. 1950ರ ದಶಕದಲ್ಲೇ ಸಂಖ್ಯಾಶಾಸ್ತ್ರಜ್ಞ ಜಿಮ್ಮಿ ಸ್ಯಾವೇಜ್, ಈ ಮನುಷ್ಯನ ಬಗ್ಗೆ ಕೇಳಿದ್ದೀರಾ ಅಂತ ಗೆಳೆಯರಿಗೆ ಪೋಸ್ಟ್‌ಕಾರ್ಡ್ ಬರೆದರು. ಕಾರ್ಡು ತಲುಪಿದವರಲ್ಲಿ ಎಂಐಟಿಯ ಪಾಲ್ ಸ್ಯಾಮ್ಯುಯೆಲ್ಸನ್ ಒಬ್ಬರು. ಓದಿ ಬೆರಗಾದರು, ಒಂದು ದೋಷವನ್ನೂ ಹಿಡಿದರು. ಬಷೆಲಿಯೆಯ ಲೆಕ್ಕದಲ್ಲಿ ಬೆಲೆ ಸೊನ್ನೆಗಿಂತ ಕೆಳಗೂ ಹೋಗಬಹುದು. ಷೇರಿನ ಬೆಲೆ ಮೈನಸ್ ಹೇಗಾಗುತ್ತೆ? ಅದಕ್ಕೇ ರೂಪಾಯಿ ಲೆಕ್ಕದ ಓಲಾಟ ಬಿಟ್ಟು ಶೇಕಡಾ ಲೆಕ್ಕದ ಓಲಾಟ ತಂದರು. ಆ ತಳಹದಿಯ ಮೇಲೆ 1973ರಲ್ಲಿ ಬ್ಲ್ಯಾಕ್, ಶೋಲ್ಸ್, ಮರ್ಟನ್ ಆಪ್ಷನ್ ಬೆಲೆಯ ಸೂತ್ರ ಕಟ್ಟಿದರು. ಬ್ಲ್ಯಾಕ್ ಮತ್ತು ಶೋಲ್ಸ್ ಬರೆದ ಲೇಖನವೂ ಮೊದಮೊದಲು ಪತ್ರಿಕೆಗಳಿಂದ ವಾಪಸ್ ಬಂದದ್ದೇ. ಅದೇ ವರ್ಷ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಆಪ್ಷನ್ ಎಕ್ಸ್‌ಚೇಂಜ್ ಬಾಗಿಲು ತೆರೆಯಿತು. ಇಪ್ಪತ್ತು ವರ್ಷದಲ್ಲಿ ಈ ಗಣಿತ ಬಲ್ಲವರಿಗೆ ಎಷ್ಟು ಬೇಡಿಕೆ ಬಂತೆಂದರೆ, ಇದಕ್ಕೇ ಪ್ರತ್ಯೇಕ ಮಾಸ್ಟರ್ಸ್ ಹುಟ್ಟಿಕೊಂಡವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 1994ರಲ್ಲಿ ಶುರುಮಾಡಿದ ಕಂಪ್ಯುಟೇಶನಲ್ ಫೈನಾನ್ಸ್ ಕೋರ್ಸು ಅಂಥ ಮೊದಲಿನವುಗಳಲ್ಲಿ ಒಂದು. ಯಾವ ಡಿಪಾರ್ಟ್‌ಮೆಂಟೂ ತನ್ನದು ಅನ್ನದ ವಿಷಯಕ್ಕೆ ಈಗ ಸ್ವಂತ ಡಿಗ್ರಿ.

ಆದರೆ ಪ್ವಾಂಕರೆ ಮೆಚ್ಚಿದ ಆ ಗಡಿಯ ಮಾತು? ಅದು ಹಿಂದೆ ಬಿತ್ತು. ಶೋಲ್ಸ್ ಮತ್ತು ಮರ್ಟನ್ 1997ರಲ್ಲಿ ನೊಬೆಲ್ ಪಡೆದರು. ಅವರಿಬ್ಬರೂ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಫಂಡು ಮರುವರ್ಷವೇ ಕುಸಿಯಿತು. 1998ರ ಆಗಸ್ಟ್‌ನಲ್ಲಿ ರಷ್ಯಾ ತನ್ನ ಸಾಲ ತೀರಿಸಲಾರೆ ಅಂತ ಕೈಚೆಲ್ಲಿತು. ಜಗತ್ತಿನ ದುಡ್ಡೆಲ್ಲ ಹೆದರಿ ಒಂದೇ ದಿಕ್ಕಿಗೆ ಓಡಿತು. ಬೇರೆ ಬೇರೆ ಬುಟ್ಟಿ ಅಂದುಕೊಂಡದ್ದೆಲ್ಲ ಒಂದೇ ಬುಟ್ಟಿ ಅಂತ ಗೊತ್ತಾದದ್ದು ಆವಾಗ. ಹದಿನಾಲ್ಕು ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಿ ಫಂಡನ್ನು ಎತ್ತಿ ನಿಲ್ಲಿಸಬೇಕಾಯಿತು. ಸೂತ್ರದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಸೂತ್ರ ನಂಬಿದ್ದ ಜಗತ್ತು ಆ ತಿಂಗಳು ಅಲ್ಲಿರಲಿಲ್ಲ.

ಇನ್ನೂ ಒಂದು ಘಟನೆ ಇದೆ, ಕೋಡ್ ಬರೆಯುವವರಿಗೆ ಬೇಗ ಅರ್ಥವಾಗುವಂಥದ್ದು. 2020ರ ಏಪ್ರಿಲ್ 20. ಕೋವಿಡ್ ಲಾಕ್‌ಡೌನು, ಎಣ್ಣೆ ಕೊಳ್ಳುವವರಿಲ್ಲ, ಅಮೆರಿಕದಲ್ಲಿ ಕಚ್ಚಾತೈಲ ಇಡೋಕೆ ಟ್ಯಾಂಕಲ್ಲಿ ಜಾಗ ಸಿಗ್ತಿಲ್ಲ. ಮೇ ತಿಂಗಳ ಫ್ಯೂಚರ್ಸ್ ಬೆಲೆ ಬ್ಯಾರೆಲ್ಲಿಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಅಂದರೆ ಎಣ್ಣೆ ತಗೊಂಡು ಹೋಗಿ ಸ್ವಾಮಿ, ದುಡ್ಡೂ ನಾವೇ ಕೊಡ್ತೀವಿ ಅನ್ನೋ ಸ್ಥಿತಿ. ಬ್ಲ್ಯಾಕ್-ಶೋಲ್ಸ್ ಬಗೆಯ ಸೂತ್ರಗಳು ಬೆಲೆಯ ಲಾಗರಿದಂ ತೆಗೆಯುತ್ತವೆ. ಮೈನಸ್ ಸಂಖ್ಯೆಗೆ ಲಾಗ್ ತೆಗೆಯೋಕೆ ಹೋದರೆ ಪ್ರೋಗ್ರಾಂ ಏನು ಮಾಡುತ್ತೆ ಅಂತ ನಾನು ಹೇಳಬೇಕಿಲ್ಲ. ಎರಡೇ ದಿನಕ್ಕೆ ಷಿಕಾಗೋದ ಸಿಎಂಇ ಎಕ್ಸ್‌ಚೇಂಜ್ ತೈಲದ ಆಪ್ಷನ್‌ಗಳ ಲೆಕ್ಕಕ್ಕೆ ಬೇರೆ ಮಾಡೆಲ್‌ಗೆ ಬದಲಾಯಿಸಿತು. ಯಾವ ಮಾಡೆಲ್ ಗೊತ್ತಾ? ಬಷೆಲಿಯೆಯದು. ದೋಷ ಅಂತ ಪಕ್ಕಕ್ಕಿಟ್ಟಿದ್ದ ಗುಣವೇ, ಬೆಲೆ ಸೊನ್ನೆಗಿಂತ ಕೆಳಗೆ ಇಳಿಯಬಹುದು ಅನ್ನೋದೇ, 120 ವರ್ಷ ಆದಮೇಲೆ ಕೆಲಸಕ್ಕೆ ಬಂತು.

ಈಗ ಲೋನಿನ ಪ್ರಶ್ನೆಗೆ ಬರೋಣ. ಸೂತ್ರ ಬೇಕಿದ್ದರೆ ಅದಕ್ಕೆ ಲಕ್ಷಗಟ್ಟಲೆ ಫೀಸು ಬೇಡ. ಪೈಥಾನ್‌ನಲ್ಲಿ ಹತ್ತು ಸಾಲಿನಲ್ಲಿ ಬರೆಯಬಹುದು, ಲೈಬ್ರರಿ ಪುಕ್ಕಟೆ ಸಿಗುತ್ತೆ. ಎರಡು ವರ್ಷ ಕೂತು ಕಲಿಯಬೇಕಾದ್ದು ಬೇರೆ: ಪ್ರತಿ ಸೂತ್ರದ ತಲೆಯ ಮೇಲೆ 'ಹೀಗಿದೆ ಎಂದು ಊಹಿಸಿಕೊಳ್ಳೋಣ' ಅಂತ ಶುರುವಾಗುವ ಆ ಒಂದು ಸಾಲು. ಅದನ್ನು ಯಾರು ಬರೆದರು, ಯಾಕೆ ಬರೆದರು, ಯಾವತ್ತು ಅದು ಮುರಿದುಬಿತ್ತು ಅಂತ ಹೇಳಿಕೊಡುವ ಮೇಷ್ಟ್ರು ಇರುವ ಕಡೆ ಹೋಗಿ ಓದಿ, ಫೀಸು ದಂಡವಾಗಲ್ಲ. ಆ ಸಾಲನ್ನು ಪರೀಕ್ಷೆಗೆ ಬರಲ್ಲ ಅಂತ ಹಾರಿಸಿ ಹೋಗುವ ಕ್ಲಾಸಾದರೆ, ಆ ದುಡ್ಡಿಗೆ ಊರಲ್ಲಿ ಒಂದು ಬೋರ್‌ವೆಲ್ ಹಾಕಿಸೋದು ವಾಸಿ. ಅಲ್ಲಿ ನೀರು ಬೀಳದೆಯೂ ಇರಬಹುದು ಅಂತ ಕೊರೆಯುವ ಮೊದಲೇ ಎಲ್ಲರಿಗೂ ಗೊತ್ತಿರುತ್ತೆ.