ಕೋಲಾರದ ನೆಲದಡಿ ಮೂರು ಕಿಲೋಮೀಟರ್

ಭೂಮಿಯ ಎತ್ತರ-ಆಳಗಳ ಮಾತು ಬಂದಾಗ ಎವರೆಸ್ಟಿನ 8,849 ಮೀಟರುಗಳನ್ನೂ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ಸುಮಾರು 11 ಕಿಲೋಮೀಟರುಗಳನ್ನೂ ನಾವು ಬಾಯಿಪಾಠ ಒಪ್ಪಿಸುತ್ತೇವೆ. ಎರಡೂ ನಿಸರ್ಗದ ಕೆಲಸ. ಮನುಷ್ಯ ತಾನೇ ತೋಡಿ, ತಾನೇ ಇಳಿದು, ಕೂಲಿಗೆ ದುಡಿದ ಮಹಾ ಆಳಗಳಲ್ಲೊಂದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳ ಸ್ವಂತ ಜಿಲ್ಲೆಯಲ್ಲೇ ಇದೆ. ಅದು ಕೋಲಾರದ ಚಿನ್ನದ ಗಣಿ.

1802ರಲ್ಲಿ ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿ ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡಿದ್ದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಚಿನ್ನದ ಸಿರ ಕಡಿದಾಗಿ ಓರೆಯಾಗಿ ಕೆಳಕ್ಕೆ ಇಳಿಯುತ್ತಿತ್ತು. ಅದರ ಬೆನ್ನು ಹತ್ತಿ ಮನುಷ್ಯರೂ ಇಳಿದರು. ಯಂತ್ರಗಳಿಗೆಂದು 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ ಎಂಬುದನ್ನು ನೆನೆದರೆ, ಆಗಿನ ಸರ್ಕಾರಕ್ಕೆ ಯಾವುದು ಮೊದಲಾಗಿತ್ತೆಂದು ತಿಳಿಯುತ್ತದೆ.

ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3,200 ಮೀಟರ್ ಆಳ ಮುಟ್ಟಿತು. ಗಣಿಯ ಬಾಯಿ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿದೆ. ಅದನ್ನು ಕಳೆದರೂ ತಳವು ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ. ಬಂಗಾಳಕೊಲ್ಲಿಯ ಸರಾಸರಿ ಆಳಕ್ಕೆ ತೀರ ದೂರವಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಇಲ್ಲಿನ ಬಂಡೆ ನೀರಿಗಿಂತ ಸುಮಾರು ಮೂರು ಪಟ್ಟು ಭಾರ. ಹಾಗಾದರೆ 3,200 ಮೀಟರ್ ಬಂಡೆಯ ಹೊರೆ ಒಂಬತ್ತು ಸಾವಿರ ಮೀಟರಿಗೂ ಮಿಕ್ಕ ನೀರಿನ ಹೊರೆಗೆ ಸಮ, ಅಂದರೆ ಹೆಚ್ಚುಕಡಿಮೆ ಸಾಗರ ಕಂದಕದ ತಳದ ಒತ್ತಡ! ಅದನ್ನು ಹೊತ್ತು ನಿಂತದ್ದು ಸುರಂಗದ ಗೋಡೆ. ಗೋಡೆಗೆ ತಾಳಲಾಗದಾಗ ಬಂಡೆ ಗುಂಡಿನಂತೆ ಸಿಡಿಯುತ್ತಿತ್ತು. ಇದೇ ‘ರಾಕ್ ಬರ್ಸ್ಟ್’. ಅದರಲ್ಲಿ ಸತ್ತ ಕಾರ್ಮಿಕರು ಹಲವರು. ಕೆಳಗಿನ ಕಲ್ಲಿನ ತಾಪ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೇಲೆ ತಂಪುಮಾಡಿದ ಗಾಳಿಯನ್ನು ಕೆಳಕ್ಕೆ ತಳ್ಳಿದರೂ ಬೆವರು ನಿಲ್ಲುತ್ತಿರಲಿಲ್ಲ. ಕಲ್ಲುಧೂಳಿನಿಂದ ಸಿಲಿಕೋಸಿಸ್ ಬೇರೆ. ತಮಿಳು, ತೆಲುಗು ಸೀಮೆಗಳಿಂದ ಬಂದ ಈ ಕೆಲಸಗಾರರಲ್ಲಿ ದಲಿತರೇ ಹೆಚ್ಚು. ಎವರೆಸ್ಟ್ ಏರಿದವರ ಹೆಸರು ನಮಗೆ ಗೊತ್ತು, ಇಲ್ಲಿ ದಿನಾ ಇಳಿದವರ ಒಂದು ಹೆಸರೂ ಗೊತ್ತಿಲ್ಲ.

ವಿಜ್ಞಾನ ಓದಿದ ನನಗೆ ಈ ಗಣಿಯ ಇನ್ನೊಂದು ಕಥೆ ಬಲು ಪ್ರಿಯ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಉಪಕರಣ ಹೊತ್ತು ಇಲ್ಲಿಗೆ ಇಳಿದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳನ್ನು ಬಂಡೆ ತಡೆಯುತ್ತದೆ. ನ್ಯೂಟ್ರಿನೋ ಎಂಬ ಕಣಕ್ಕೆ ಮಾತ್ರ ಇಡೀ ಭೂಮಿಯೂ ಅಡ್ಡಿಯಲ್ಲ. ಆದ್ದರಿಂದ ಅದನ್ನು ಹಿಡಿಯಲು ಆಳವೇ ಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ 2.3 ಕಿಲೋಮೀಟರ್ ಆಳದಲ್ಲಿ ಕಾದು ಕುಳಿತು, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು 1965ರಲ್ಲಿ ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲೂ ಅದು ಸಿಕ್ಕಿತು. ಅದೂ ಚಿನ್ನದ ಗಣಿಯಲ್ಲೇ!

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುರಂಗಗಳಿಗೆ ನೀರು ತುಂಬಿತು. ಈ ಆಳದ ಗುರುತು ಇಂದು ಕಣ್ಣಿಗೆ ಬೀಳುವುದು ಎತ್ತರವಾಗಿಯೇ: ಕೆಳಗಿನ ಕಲ್ಲನ್ನು ಪುಡಿಮಾಡಿ, ಚಿನ್ನ ತೆಗೆದು, ಉಳಿದದ್ದನ್ನು ಸುರಿದ ಸೈನೈಡ್ ಗುಡ್ಡಗಳು ಊರಿನ ಪಕ್ಕದಲ್ಲೇ ನಿಂತಿವೆ. ಗಾಳಿ ಬೀಸಿದಾಗ ಆ ಧೂಳು ಮನೆಗಳ ಕಡೆಗೆ ಹಾರುತ್ತದೆ.